ಓಬವ್ವ ಬಡಿಸಿದ ಊಟ, ಒಂದು ಇಂಚಿನ ಎಲೆಯಲ್ಲಿ

ಚಿತ್ರದುರ್ಗದಲ್ಲಿ ಹುಟ್ಟಿದವರಿಗೆ ಓಬವ್ವನ ಕಥೆ ಬಿಡಿಸಿ ಹೇಳಬೇಕಿಲ್ಲ. ಅವಳ ಗಂಡ, ಕೋಟೆಯ ಕಾವಲುಗಾರ ಕಹಳೆ ಮುದ್ದ ಹನುಮ ಕಾವಲು ಬಿಟ್ಟು ಊಟಕ್ಕೆ ಮನೆಗೆ ಬಂದ, ಅವನು ಉಣ್ಣುವಾಗ ಓಬವ್ವ ನೀರು ತರಲು ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಳು, ಒನಕೆ ಎತ್ತಿದಳು. ಎಲ್ಲರೂ ಒನಕೆಯನ್ನೇ ಹೇಳುತ್ತಾರೆ. ಆ ಊಟದಲ್ಲಿ ಏನಿತ್ತು ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಈ ಸಲ ಗೊಂಬೆ ಕೂರಿಸಲು ಕಾವಲುಗಾರನ ಪುಟ್ಟ ಕಲ್ಲುಮನೆ ಮಾಡುವಾಗ ನನಗೆ ತಲೆ ತಿಂದದ್ದು ಅದೇ ಪ್ರಶ್ನೆ.

ನಾನು ಮಾಡುವುದೆಲ್ಲ ನಿಜದ ಒಂದು ಅಡಿ ಉದ್ದಕ್ಕೆ ಒಂದು ಇಂಚಿನ ಅಳತೆ. ಗೊಂಬೆಮನೆ ಮಾಡುವವರು ಹೆಚ್ಚಾಗಿ ಹಿಡಿಯುವ ಅಳತೆಯೇ ಇದು. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿರುವ, 1924ರಲ್ಲಿ ಮುಗಿದ ರಾಣಿ ಮೇರಿಯ ಗೊಂಬೆಮನೆಯೂ ಇದೇ ಅಳತೆಯದು, ಅದರ ನೆಲಮಾಳಿಗೆಯ ಪುಟ್ಟ ಬಾಟಲಿಗಳಲ್ಲಿ ನಿಜವಾದ ವೈನೇ ತುಂಬಿದ್ದಾರೆ. ಅಷ್ಟು ನಿಷ್ಠೆ ಅರಮನೆಯ ಊಟಕ್ಕೆ ಸಿಗುವುದಾದರೆ ನಮ್ಮ ಕಾವಲುಗಾರನ ಊಟಕ್ಕೂ ಸಿಗಬೇಕು.

ಮೊದಲು ಬೇಡದ್ದನ್ನು ತೆಗೆದೆ. 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಹೋಯಿತು, ಅಂದರೆ ಇದು ಅದಕ್ಕೂ ಮುಂಚಿನ ಅಡುಗೆಮನೆ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಶೇಂಗಾ ಚಟ್ನಿಯೂ ಇಲ್ಲ. ಈಗ ಚಳ್ಳಕೆರೆ ಕಡೆ ಹೋದರೆ ಕಣ್ಣು ಹಾಯಿಸಿದಷ್ಟೂ ಶೇಂಗಾ ಹೊಲ, ಆದರೆ ಅದು ಅಮೆರಿಕ ಖಂಡದಿಂದ ಬಂದ ಬೆಳೆ, ನಮ್ಮ ಬಯಲುಸೀಮೆ ತುಂಬ ಹಬ್ಬಿದ್ದು ಬಹಳ ಆಮೇಲೆ. ಅದರ ಜಾಗಕ್ಕೆ ಹುಚ್ಚೆಳ್ಳಿನ ಪುಡಿ ಇಟ್ಟೆ. ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದು, ಆದರೆ ಪೋರ್ಚುಗೀಸರು ತಂದು ಆಗಲೇ ಇನ್ನೂರು ವರ್ಷದ ಮೇಲಾಗಿತ್ತು, ಹಾಗಾಗಿ ಎರಡು ಒಣಮೆಣಸಿನಕಾಯಿ ಉಳಿಯಿತು. ಹುಳಿಗೆ ಹುಣಸೆಹಣ್ಣು. ಕೊನೆಗೆ ನಿಂತದ್ದು ಇಷ್ಟು: ರಾಗಿ ಮುದ್ದೆ, ಹುರುಳಿಕಾಳು ಸಾರು, ಹುಚ್ಚೆಳ್ಳು ಪುಡಿ, ಒಂದು ತುಂಡು ಈರುಳ್ಳಿ.

ಮುದ್ದೆಗೇ ಮೂರು ವಾರ ಹೋಯಿತು. ನಿಜವಾದ ಮುದ್ದೆ ಮೂರೂವರೆ ಇಂಚು ಅಂದುಕೊಂಡರೆ ನನ್ನದು ಏಳೂವರೆ ಮಿಲಿಮೀಟರ್, ಒಂದು ಬಟಾಣಿ ಕಾಳಿನಷ್ಟು. ಮೊದಲ ಸಲ ರಾಗಿಹಿಟ್ಟನ್ನೇ ಫೆವಿಕಾಲ್‌ನಲ್ಲಿ ಕಲಸಿ ಉಂಡೆ ಕಟ್ಟಿದ್ದೆ, ಒಣಗಿ ಬಿರುಕು ಬಿಟ್ಟಿತು, ಆಮೇಲೆ ಇರುವೆ ಸಾಲುಗಟ್ಟಿದವು. ಅಂದಿನಿಂದ ಕಾರ್ನ್‌ಫ್ಲೋರ್ ಮತ್ತು ಫೆವಿಕಾಲ್ ಸಮ ಸಮ, ಜೊತೆಗೆ ಎರಡು ಚಮಚ ಬೇಬಿ ಆಯಿಲ್, ಒಂದು ಚಮಚ ವಿನಿಗರ್. ಸಣ್ಣ ಉರಿಯಲ್ಲಿಟ್ಟು ಬಿಡದೆ ಕೈಯಾಡಿಸಬೇಕು, ಹಿಟ್ಟು ತೊಳಸಿದ ಹಾಗೇ, ತಳ ಬಿಟ್ಟು ಒಂದೇ ಮುದ್ದೆಯಾಗುವ ತನಕ. ಒಣಗುವಾಗ ಇದು ಕುಗ್ಗುತ್ತದೆ, ಅದಕ್ಕೇ ಸ್ವಲ್ಪ ದೊಡ್ಡದಾಗಿ ಕಟ್ಟುತ್ತೇನೆ.

ಬಣ್ಣ ಸರಿಯಾಯಿತು, ಹೊಳಪೂ ಬಂತು. ಖುಷಿಯಿಂದ ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಅಂಗೈ ಮೇಲಿಟ್ಟುಕೊಂಡು ನೋಡಿದರು.

“ಇದು ಗೋಲಿ ಇದ್ದಂಗೈತೆ ಕಣೇ. ಮುದ್ದೆ ಅಂದ್ರೆ ಕೈ ಗುರುತು ಇರಬೇಕು.”

ನಿಜ. ಒದ್ದೆ ಕೈಯಲ್ಲಿ ಕಟ್ಟಿದ ಮುದ್ದೆ ಪೂರ್ತಿ ದುಂಡಗಿರುವುದಿಲ್ಲ. ಒಂದು ಕಡೆ ಅಂಗೈ ಒತ್ತಿದ್ದು ತುಸು ಚಪ್ಪಟೆ, ಬುಡ ಎಲೆಗೆ ಕೂತು ಅಗಲ, ಮೈಮೇಲೆ ನೀರು ಸವರಿದ ಗೆರೆ, ಅಲ್ಲಲ್ಲಿ ರಾಗಿ ಹೊಟ್ಟಿನ ಕಪ್ಪು ಚುಕ್ಕೆ. ಸೂಜಿಯ ಹಿಂಬದಿಯಿಂದ ಆ ಗೆರೆ ಎಳೆದೆ, ಚುಕ್ಕೆಗೆ ಟೂತ್‌ಬ್ರಶ್‌ನಿಂದ ಬಣ್ಣ ಸಿಡಿಸಿದೆ. ಒಂದು ಬದಿಯಲ್ಲಿ ಎರಡು ತುತ್ತು ಮುರಿದೆ, ಯಾಕೆಂದರೆ ಅವನು ಉಣ್ಣುತ್ತಿದ್ದಾನೆ. ಮುರಿದ ಜಾಗಕ್ಕೆ ಮಾತ್ರ ವಾರ್ನಿಶ್ ಹಚ್ಚಲಿಲ್ಲ, ಮುದ್ದೆ ಒಳಗೆ ಹೊಳೆಯುವುದಿಲ್ಲ.

ಹುರುಳಿಗೆ ಗಸಗಸೆ ಹಾಕಿ ನೋಡಿದೆ, ಅವರೆಕಾಳಿನ ಹಾಗೆ ದಪ್ಪ ಕಂಡಿತು. ಕೊನೆಗೆ ಸಣ್ಣ ಮರಳನ್ನು ಜರಡಿ ಹಿಡಿದು ಹಾಕಿದೆ, ಬಣ್ಣವೂ ಹುರುಳಿಯದ್ದೇ! ಎಲೆ ಮುತ್ತುಗದ್ದು ಇರಲಿ ಅಂತ ಆಸೆ, ಆದರೆ ನಿಜವಾದ ಎಲೆ ಕತ್ತರಿಸಿದರೆ ಅದರ ನರಗಳು ಈ ಅಳತೆಗೆ ಹಗ್ಗದಷ್ಟು ಕಾಣುತ್ತವೆ. ಅದಕ್ಕೇ ತೆಳು ಕಾಗದಕ್ಕೆ ಬಣ್ಣ ಹಚ್ಚಿ, ಅರ್ಧ ಇಂಚಿನ ಎಲೆಗಳನ್ನು ಹಳೇ ಬ್ರಶ್ಶಿನ ಎಳೆಯಿಂದ ಚುಚ್ಚಿ ಹಚ್ಚಿದ್ದೇನೆ. ಕಣ್ಣು ನೋವು ಬಂತು, ಆದರೂ ಇದು ನನಗೆ ತುಂಬಾ ಇಷ್ಟವಾದ ಭಾಗ.

ಎಲೆ ಪಕ್ಕಕ್ಕೆ ಒಂದು ಚೊಂಬು. ಅದರಲ್ಲಿ ನೀರು ತೋರಿಸಲು ರೆಸಿನ್ ತಂದಿಟ್ಟಿದ್ದೆ, ಕಲಸಿಯೂ ಆಗಿತ್ತು, ಸುರಿಯುವ ಹೊತ್ತಿಗೆ ಕೈ ನಿಂತಿತು. ಓಬವ್ವ ಇನ್ನೂ ತಣ್ಣೀರು ದೋಣಿ ಎಂಬ ಕೋಟೆಯ ನೀರಿನ ಸೆಲೆಯಿಂದ ನೀರು ತಂದಿಲ್ಲ. ಚೊಂಬನ್ನು ಖಾಲಿಯೇ ಇಟ್ಟೆ.