ಅಳಗುಳಿ ಮಣೆ, ಲಾಗ್ 7: ಒಂದು ಸ್ಪೇಸಿಗೆ ಆರು ವಾರ

ಮಡಚುವ ಮಣೆ ಮುಗಿಯಿತು. ಹದಿನಾಲ್ಕು ಗುಳಿ, ನಡುವೆ ಹಿತ್ತಾಳೆ ಹಿಂಜು, ಮಡಚಿದರೆ ಕಾಗದ ತೂರಿಸುವಷ್ಟೂ ಸಂದಿ ಇಲ್ಲ. ಗುಳಿ ತೋಡುವ ಕೋರ್ ಬಾಕ್ಸ್ ಬಿಟ್, ಅಳತೆ ತಪ್ಪದ ಹಾಗೆ ಹಿಡಿಯುವ ಜಿಗ್ಗು, ಸ್ಯಾಂಡಿಂಗ್ ಎಲ್ಲ ಹಿಂದಿನ ಲಾಗ್‌ಗಳಲ್ಲಿ ಬಂದಾಗಿದೆ. ಮತ್ತೆ ಕೊರೆಯಲ್ಲ.

ಈ ಸಲ ಕೈಕೊಟ್ಟಿದ್ದು ಮರ ಅಲ್ಲ, ಚೆಕ್ಕು.

ಒಂದು ಹೋಂಸ್ಟೇಯವರು ಹನ್ನೆರಡು ಮಣೆ ತಗೊಂಡು ಚೆಕ್ ಕೊಟ್ಟರು. ಹೆಸರು: ಅಂಗಳ ವುಡ್ ವರ್ಕ್ಸ್. ಬಿಲ್ ಪುಸ್ತಕದ ಮೇಲೆ ನಾನೇ ಆ ಹೆಸರು ಅಚ್ಚು ಹಾಕಿಸಿದ್ದೆ, ಚೆನ್ನಾಗಿ ಕಾಣಲಿ ಅಂತ. ಆ ಹೆಸರಲ್ಲಿ ಬ್ಯಾಂಕ್ ಖಾತೆ ಮಾತ್ರ ಇರಲಿಲ್ಲ. ಸೇವಿಂಗ್ಸ್ ಖಾತೆಗೆ ಹಾಕಲು ಹೋದರೆ ಕೌಂಟರಿನಲ್ಲಿದ್ದವರು ಚೆಕ್ಕನ್ನು ಹಾಗೇ ಗಾಜಿನ ಕೆಳಗಿಂದ ವಾಪಸ್ ತಳ್ಳಿದರು. ಚೆಕ್ಕಿನ ಆಯುಸ್ಸು ತಾರೀಖಿನಿಂದ ಮೂರು ತಿಂಗಳು. ಗಡಿಯಾರ ಶುರು.

ಯಾವ ರೂಪದಲ್ಲಿ ವ್ಯಾಪಾರ ಮಾಡೋದು ಅನ್ನೋದನ್ನು ಅದಕ್ಕೂ ಮುಂಚೆಯೇ ತೀರ್ಮಾನಿಸಿ ಆಗಿತ್ತು. ತೀರ್ಮಾನಕ್ಕೆ ಕಾರಣ ಒಂದು ರಾತ್ರಿಯ ಫೋನು. "ಮಣೆ ಜೊತೆ ಕಳಿಸಿದ ಬೀಜ ಏನ್ ಸಾರ್? ಮಗು ಒಂದನ್ನ ನುಂಗಿಬಿಟ್ಟಿದೆ." ಹುಣಸೆ ಬೀಜ. ಏನೂ ಆಗಲಿಲ್ಲ. ಆದರೆ ಹಿಂದಿನ ವಾರವಷ್ಟೇ ನಾನು ಒಂದು ಡಬ್ಬಿ ಗುಲಗಂಜಿ ತಂದಿಟ್ಟಿದ್ದೆ, ಕೆಂಪು ಕಪ್ಪು ಚೆಂದ ಕಾಣುತ್ತೆ ಅಂತ. ಗುಲಗಂಜಿಯನ್ನು ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಡಬ್ಬಿಯನ್ನು ಆ ರಾತ್ರಿಯೇ ಆಚೆ ಸಾಗಿಸಿದೆ. ನಿದ್ದೆ ಬರಲಿಲ್ಲ.

ಯಾಕಂದರೆ ಒಬ್ಬನೇ ಮಾಲೀಕನಾಗಿ ನಡೆಸುವ ಪ್ರೊಪ್ರೈಟರ್‌ಶಿಪ್‌ನಲ್ಲಿ ಅಂಗಡಿ ಬೇರೆ, ನಾನು ಬೇರೆ ಅಲ್ಲ. ನನ್ನ ಪ್ಯಾನೇ ಅದರ ಪ್ಯಾನು. ಅದರ ಸಾಲ ನನ್ನ ಸಾಲ, ಅದರ ಮೇಲಿನ ಕೇಸು ನನ್ನ ಮೇಲಿನ ಕೇಸು. ಮನೆ, ಸ್ಕೂಟರ್, ಬ್ಯಾಂಡ್ ಸಾ, ಎಲ್ಲ ಒಂದೇ ರಾಶಿ.

ಹಾಗಾಗಿ ಒಂದು ವಾರ ಕಂಪನಿ ಕನಸು ಕಂಡೆ. 2013ರ ಕಂಪನಿ ಕಾಯ್ದೆಯಲ್ಲಿ ಒಬ್ಬರೇ ಸದಸ್ಯರ ಕಂಪನಿ, ಅಂದರೆ ಓಪಿಸಿ, ಮಾಡಬಹುದು. ಹೊಣೆಗೆ ಮಿತಿ ಇರುತ್ತೆ. ಆದರೆ ನಾನು ಸತ್ತರೆ ಕಂಪನಿ ಯಾರಿಗೆ ಅಂತ ಮೊದಲೇ ಒಬ್ಬ ನಾಮಿನಿಯ ಒಪ್ಪಿಗೆ ಬೇಕು. ಮನೆಯವಳನ್ನು ಕೇಳಿದೆ. "ನಿಮ್ಮ ಶೆಡ್ಡು ನನಗ್ಯಾಕ್ರೀ? ಆ ಧೂಳನ್ನ ಈಗ್ಲೇ ಗುಡಿಸ್ತಾ ಇಲ್ವಾ?" ಅಂದಳು. ಇನ್ನು ಒಂದು ಮಣೆ ಮಾರದಿದ್ದರೂ ವರ್ಷಕ್ಕೊಮ್ಮೆ ಸಿಎ ಕೈಲಿ ಆಡಿಟ್ ಆಗಲೇಬೇಕು. ವರ್ಷದ ಲೆಕ್ಕಪತ್ರದ ಫಾರಂ ತಡವಾದರೆ ದಿನಕ್ಕೆ ನೂರು ರೂಪಾಯಿ. ವಾರ್ಷಿಕ ರಿಟರ್ನ್ ತಡವಾದರೆ ಅದಕ್ಕೆ ಇನ್ನೊಂದು ನೂರು.

ಎಲ್‌ಎಲ್‌ಪಿಗೆ (ಹೊಣೆಗೆ ಮಿತಿ ಇರುವ ಪಾಲುದಾರಿಕೆ) ಸಣ್ಣ ವಹಿವಾಟಿನಲ್ಲಿ ಆಡಿಟ್ ಇಲ್ಲ. 40 ಲಕ್ಷ ವಹಿವಾಟು ಇಲ್ಲವೇ 25 ಲಕ್ಷ ಬಂಡವಾಳ ದಾಟಿದರೆ ಮಾತ್ರ. ಆದರೆ ಇಬ್ಬರು ಬೇಕು. ಸಿಗೋದು ನನ್ನ ಭಾವಮೈದ ಒಬ್ಬನೇ. ಅವನು ತಗೊಂಡು ಹೋದ, ಮರ ಕೊರೆಯುವ ನನ್ನ ರೂಟರ್ ಎರಡು ವರ್ಷದಿಂದ ವಾಪಸ್ ಬಂದಿಲ್ಲ. 1932ರ ಕಾಯ್ದೆಯ ಹಳೇ ಪಾರ್ಟ್ನರ್‌ಶಿಪ್ ಅಂತೂ ಬೇಡವೇ ಬೇಡ. ಅದರಲ್ಲಿ ಅಂಗಡಿ ಹೆಸರಲ್ಲಿ ಅವನು ಮಾಡಿದ ಸಾಲಕ್ಕೂ ನನ್ನ ಮನೆ ಹೊಣೆ.

ಕೊನೆಗೆ ಒಬ್ಬ ವಕೀಲ ಗೆಳೆಯ ಒಂದು ಪ್ರಶ್ನೆ ಕೇಳಿದ. "ಬೀಜ ಆರಿಸಿದ್ದು ಯಾರು? ಪ್ಯಾಕ್ ಮಾಡಿದ್ದು ಯಾರು?" ನಾನೇ. "ಹಾಗಾದ್ರೆ ಕಂಪನಿ ಮಾಡಿದ್ರೂ ನಿನ್ನ ಕೈತಪ್ಪು ನಿನ್ನದೇ. ಕಂಪನಿಯ ಸಾಲ ಮನೆಗೆ ಬರದ ಹಾಗೆ ಅದು ತಡೆಯುತ್ತೆ, ಅಷ್ಟೇ. ಆ ಸಾಲಕ್ಕೂ ಸಣ್ಣ ಕಂಪನಿ ಆದ್ರೆ ಬ್ಯಾಂಕಿನವರು ನಿನ್ನ ವೈಯಕ್ತಿಕ ಗ್ಯಾರಂಟಿ ಕೇಳ್ತಾರೆ." 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗೇ ಒಂದು ಅಧ್ಯಾಯ ಇದೆ. ನನಗೆ ಸಾಲ ಇಲ್ಲ, ಕೆಲಸಗಾರರಿಲ್ಲ. ನನಗಿದ್ದ ಅಪಾಯ ಒಂದೇ, ಬೀಜ. ಬೀಜ ಬಿಟ್ಟು ದೊಡ್ಡ ಕವಡೆಗೆ ಬಂದೆ. ಡಬ್ಬಿಯ ಮೇಲೆ "ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ" ಅಂತ ಚೀಟಿ ಅಂಟಿಸಿದೆ. ಪ್ರೊಪ್ರೈಟರ್‌ಶಿಪ್ಪೇ ಸಾಕು ಅಂತಾಯಿತು.

ಸುಲಭದ್ದನ್ನು ಆರಿಸಿದೆ ಅಂದುಕೊಂಡಿದ್ದೆ.

ತಮಾಷೆ ಏನಂದರೆ ಪ್ರೊಪ್ರೈಟರ್‌ಶಿಪ್‌ಗೆ ಅಂತ ನೋಂದಣಿಯೇ ಇಲ್ಲ. ಇವತ್ತು ಬೆಳಿಗ್ಗೆ ಉಳಿ ಹಿಡಿದು ಕೂತರೆ ಶುರುವಾಯಿತು ಅಂತ ಲೆಕ್ಕ. ಕಾನೂನು ಹೇಳುತ್ತೆ, ಅಂಗಳ ವುಡ್ ವರ್ಕ್ಸ್ ಅಂದರೆ ನೀನೇ. ಬ್ಯಾಂಕು ಹೇಳುತ್ತೆ, ಹಾಗಾದರೆ ಖಾತೆ ತೆರೆಯೋಕೆ, ಅದು ಇದೆ ಅನ್ನೋದಕ್ಕೆ ಅದರ ಹೆಸರಲ್ಲೇ ಎರಡು ದಾಖಲೆ ತಾ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ ಹಾಗೇ ಇದೆ: ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಪ್ರಮಾಣಪತ್ರ, ಅಂಗಡಿ ಕಾಯ್ದೆಯ ಪ್ರಮಾಣಪತ್ರ, ಜಿಎಸ್‌ಟಿ, ಅಂಗಡಿ ಹೆಸರಿನ ಕರೆಂಟ್ ಬಿಲ್, ಇಂಥವುಗಳಲ್ಲಿ ಯಾವುದಾದರೂ ಎರಡು.

ಉದ್ಯಮ್ ಆಧಾರ್, ಪ್ಯಾನ್ ಇದ್ದರೆ ಪುಕ್ಕಟೆ ಆಗುತ್ತೆ. ದುಡ್ಡು ಕೇಳುವ ನಕಲಿ ಸೈಟುಗಳಿವೆ, ಹುಷಾರು. ಅಂಗಡಿ ಕಾಯ್ದೆಯದಕ್ಕೂ ಆನ್‌ಲೈನಲ್ಲೇ ಅರ್ಜಿ ಹಾಕಿದೆ. ಎರಡೂ ಬಂತು. ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿಕೊಂಡು ಜಂಬದಿಂದ ಬ್ಯಾಂಕಿಗೆ ಹೋದೆ. ಅಧಿಕಾರಿ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಪೆನ್ನಿನ ತುದಿಯಿಂದ ಒಂದು ಕಡೆ ಕುಟ್ಟಿದರು. ಉದ್ಯಮ್‌ನಲ್ಲಿ "ವುಡ್ ವರ್ಕ್ಸ್". ಇನ್ನೊಂದರಲ್ಲಿ "ವುಡ್‌ವರ್ಕ್ಸ್". ಎರಡೂ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಒಂದು ಸ್ಪೇಸಿನ ವ್ಯತ್ಯಾಸ. ರಾತ್ರಿ ಹನ್ನೊಂದಕ್ಕೆ ಫಾರಂ ತುಂಬಿದ್ದು ನಾನೇ, ಬೈಯೋಕೂ ಯಾರೂ ಇಲ್ಲ.

"ಎರಡು ಬೇರೆ ಸಂಸ್ಥೆ ಆಯ್ತಲ್ಲ ಸಾರ್." ಮರದಲ್ಲಿ ಇಷ್ಟು ಸಂದಿ ಬಂದರೆ ಮರದ ಹುಡಿ, ಅಂಟು ಕಲಸಿ ಮೆತ್ತುತ್ತೇವೆ. ಇಲ್ಲಿ ಏನು ಮೆತ್ತೋದು?

ಕರೆಂಟ್ ಬಿಲ್ ಅಪ್ಪನ ಹೆಸರಲ್ಲಿದೆ. ಹಿಂಜು ಕೊಡುವವನನ್ನು ಅಂಗಡಿ ಹೆಸರಲ್ಲಿ ಒಂದು ಬಿಲ್ಲಾದರೂ ಕೊಡಪ್ಪಾ ಅಂದೆ, ಪ್ರಯೋಜನ ಇಲ್ಲ ಅಂತ ಗೊತ್ತಿದ್ದೂ. ಅವನು ಸಿಗರೇಟ್ ಪ್ಯಾಕಿನ ಹಿಂದೆ ಮೊತ್ತ ಬರೆದು ಕೊಟ್ಟ. ಆ ಪುಣ್ಯಾತ್ಮ ಕಳಿಸಿದ ಇಪ್ಪತ್ತನಾಲ್ಕು ಹಿಂಜಿನಲ್ಲಿ ಐದಕ್ಕೆ ಸ್ಕ್ರೂ ತೂತೇ ಇಲ್ಲ. ಜಿಎಸ್‌ಟಿ ತಗೊಳ್ಳೋಣ ಅಂದರೆ, ಸರಕು ಮಾರುವವರಿಗೆ 40 ಲಕ್ಷದವರೆಗೆ ಬೇಡ. ಹೊರರಾಜ್ಯಕ್ಕೆ ಕಳಿಸಿದರೆ ಕೆಲವು ಕರಕುಶಲ ವಸ್ತು ಬಿಟ್ಟು ಉಳಿದದ್ದಕ್ಕೆ ಮೊದಲ ರೂಪಾಯಿಂದಲೇ ಬೇಕು. ನನ್ನ ಮಣೆಗಳು ಇನ್ನೂ ತುಂಗಭದ್ರೆ ದಾಟಿಲ್ಲ. ಒಂದು ಚೆಕ್ಕಿಗೋಸ್ಕರ ಪದೇ ಪದೇ ರಿಟರ್ನ್ ಹಾಕೋ ಕೆಲಸ ಕಟ್ಟಿಕೊಳ್ಳೋಕೆ ಮನಸ್ಸಾಗಲಿಲ್ಲ.

ಈ ಮಧ್ಯೆ ತಲೆ ಮುಂದಿನ ಕೆಲಸಕ್ಕೆ ಓಡಿತು: ನಾಮಫಲಕ. ಹಲಸಿನ ಹಲಗೆ, ಮೂರಡಿ, ಕೈಯಲ್ಲೇ ಕೆತ್ತಿದ ಅಕ್ಷರ. ಕರ್ನಾಟಕದಲ್ಲಿ ಫಲಕದ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನಂದು ಶೇ 100. ಕನ್ನಡದಲ್ಲಿ "ಅಂಗಳ" ಅಂತಷ್ಟೇ ಕೆತ್ತಿದರೆ ಸ್ಪೇಸಿನ ರಗಳೆಯೇ ಇಲ್ಲ. "ಳ"ದ ಆ ಬಳುಕು ಉಳಿಗೆ ಸಿಗುತ್ತಾ ಅನ್ನೋದೊಂದೇ ಭಯ. ಸಾಮಿಲ್‌ನವನು "ಒಣಗಿದ ಮಾಲು ಸಾರ್, ಕಣ್ಣುಮುಚ್ಚಿ ತಗೊಳ್ಳಿ" ಅಂದ. ಕಣ್ಣು ಬಿಟ್ಟು, ಮರದ ತೇವ ಶೇಕಡಾ ಎಷ್ಟು ಅಂತ ತೋರಿಸುವ ಮೀಟರ್ ಚುಚ್ಚಿದೆ. 22. ಒಣಗಿದ್ದು ಅವನ ನಾಲಿಗೆ ಇರಬೇಕು.

ಬಿಡುಗಡೆ ಸಿಕ್ಕಿದ್ದು ಅದೇ ಕೆವೈಸಿ ನಿಯಮದ ಮುಂದಿನ ಸಾಲುಗಳಲ್ಲಿ. ಎರಡು ದಾಖಲೆ ಕೊಡೋದು ಸಾಧ್ಯವೇ ಇಲ್ಲ ಅಂತ ಬ್ಯಾಂಕಿಗೆ ಮನವರಿಕೆಯಾದರೆ, ತನ್ನ ವಿವೇಚನೆಯಿಂದ ಒಂದನ್ನೇ ಒಪ್ಪಬಹುದು. ಆದರೆ ಜಾಗಕ್ಕೆ ಬಂದು ವ್ಯಾಪಾರ ನಿಜವಾಗಿ ನಡೀತಿದೆಯಾ ಅಂತ ನೋಡಬೇಕು. ಪ್ರಿಂಟ್ ತೆಗೆದು, ಆ ಸಾಲಿಗೆ ಹಳದಿ ಬಳಿದು ತಗೊಂಡು ಹೋದೆ. ಅಧಿಕಾರಿ ಎರಡು ಸಲ ಓದಿದರು. "ಗುರುವಾರ ಬರ್ತೀನಿ, ಕೆಲಸ ಮಾಡ್ತಾ ಇರಿ" ಅಂದರು.

ಬಂದರು. ಕಪ್ಪು ಪ್ಯಾಂಟು, ಐದೇ ನಿಮಿಷದಲ್ಲಿ ಮೊಣಕಾಲತನಕ ಹಲಸಿನ ಹುಡಿ, ಹಳದಿ. ಫೋಟೊ ತೆಗೆದರು, ಪಕ್ಕದ ಮನೆಯವರನ್ನು ವಿಚಾರಿಸಿದರು. "ಅಂಗಡಿನಾ? ಬೆಳಿಗ್ಗೆ ಆರಕ್ಕೇ ಶುರು ಮಾಡ್ತಾನೆ ಆ ಗರಗರ!" ಅಂದರು ಅವರು. ಇಷ್ಟು ವರ್ಷದ ದೂರು ಒಂದು ದಿನ ಸಾಕ್ಷಿಯಾಗಿ ಬಂತು. ಹೋಗುವ ಮೊದಲು ಮಣೆಯ ಮುಂದೆ ಕೂತು, "ನಮ್ಮಜ್ಜಿ ಗುಳಿಗೆ ನಾಲ್ಕು ನಾಲ್ಕು ಹಾಕ್ತಿದ್ರು, ನೀವ್ಯಾಕೆ ಐದು?" ಅಂತ ತಕರಾರು ತೆಗೆದು, ಒಂದಾಟ ಆಡಿ, ಗೆದ್ದರು.

ಚೆಕ್ಕು ಪಾಸಾದಾಗ ಒಂಬತ್ತು ದಿನ ಬಾಕಿ ಇತ್ತು.

ಅಧಿಕಾರಿಯವರೂ ಒಂದು ಮಣೆಗೆ ಹೇಳಿದ್ದಾರೆ. ಬಿಲ್ ಯಾವ ಹೆಸರಿಗೆ ಅಂದರೆ, "ಇನಿಶಿಯಲ್ ಆದ್ಮೇಲೆ ಒಂದು ಸ್ಪೇಸ್ ಬಿಡಿ" ಅಂದರು. ನಗಲಿಲ್ಲ. ನಾಮಫಲಕಕ್ಕೆ ಇಟ್ಟ ಹಲಗೆಯಲ್ಲೇ ಒಂದು ತುಂಡು ಅವರಿಗೆ ಅಂತ ಗುರುತು ಹಾಕಿದ್ದೇನೆ. ಇವತ್ತು ಬೆಳಿಗ್ಗೆ ಮೀಟರ್ 17. ಇನ್ನೂ ಒಣಗಬೇಕು.