ನೆಬ್ಯುಲೈಜರ್ ಕೈಪಿಡಿಗೆ ಯಾವ ತಂತ್ರಾಂಶ: ಆರು ವಾರದ ಕೆಲಸದ ದಾಖಲೆ

ಕೆಲಸ ಇಷ್ಟು: ಶಿವಮೊಗ್ಗದಲ್ಲಿ ಜೋಡಣೆಯಾಗುವ ಒಂದು ಕಂಪ್ರೆಸರ್ ನೆಬ್ಯುಲೈಜರ್‌ಗೆ (ದ್ರವ ಔಷಧವನ್ನು ಉಸಿರಾಡಬಲ್ಲ ಮಂಜಾಗಿಸುವ ಯಂತ್ರ) ಬಳಕೆ ಕೈಪಿಡಿ. ಲೈಸೆನ್ಸ್ ಕಡತಕ್ಕೆ ಇಂಗ್ಲಿಷ್ ಮೂಲ, ಮನೆಯಲ್ಲಿ ಬಳಸುವವರಿಗೆ ಕನ್ನಡ. ಎ5 ಅಳತೆ, ನಡುವೆ ಪಿನ್ ಹೊಡೆದ ಪುಸ್ತಿಕೆ.

ವಾರ 1. ತಂತ್ರಾಂಶಗಳ ಸೌಲಭ್ಯದ ಪಟ್ಟಿ ಹೋಲಿಸುವ ಮೊದಲು ಒಂದೇ ಒಂದು ಪರೀಕ್ಷಾ ಪುಟ ಸಿದ್ಧವಾಯಿತು. ಅದರಲ್ಲಿ ತೊಳೆಯುವ ಆರು ಹಂತ, ಎರಡು ಎಚ್ಚರಿಕೆ, ಒಂದು ಕೋಷ್ಟಕ, ಐಎಸ್‌ಒ 15223-1:2021ರ (ವೈದ್ಯಕೀಯ ಸಾಧನದ ಚಿಹ್ನೆಗಳ ಅಂತರರಾಷ್ಟ್ರೀಯ ಮಾನದಂಡ) ನಾಲ್ಕು ಚಿಹ್ನೆ. ಜೊತೆಗೆ ತೊಂದರೆ ಕೊಡುವ ಪದಗಳು: ‘ಮಾರ್ಗ’ದಲ್ಲಿ ಅರ್ಕಾವತ್ತು (ರ್ ಸೂಚಿಸುವ ಗುರುತು) ಗಕಾರದ ಬಲಕ್ಕೆ ಬರಬೇಕು, ‘ಸ್ವಚ್ಛ’ದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು, ‘ಮೌತ್‌ಪೀಸ್’ ಹಾಗೇ ಉಳಿಯಬೇಕು. ಈ ಕೊನೆಯದೇ ಹೆಚ್ಚು ಕಾಡುವುದು. ತ್ ಮತ್ತು ಪೀ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರವಿದೆ (ಯು+200ಸಿ). ಕಾಪಿ-ಪೇಸ್ಟ್‌ನಲ್ಲಿ ಅದು ಉದುರಿದರೆ ಪುಟದಲ್ಲಿ ‘ಮೌತ್ಪೀಸ್’ ಆಗುತ್ತದೆ, ಹುಡುಕಿದರೂ ಸಿಗುವುದಿಲ್ಲ.

ವಾರ 2. ಲಿಬ್ರೆಆಫೀಸ್‌ನಲ್ಲಿ ಅಕ್ಷರ ಸರಿಯಾಗಿಯೇ ಕೂರುತ್ತವೆ. ಆದರೆ ಒಂದೇ ಎಚ್ಚರಿಕೆಯನ್ನು ಮೂರು ಕಡೆ ಅಂಟಿಸಿಟ್ಟರೆ, ಮುಂದೊಂದು ದಿನ ಎರಡು ಕಡೆ ತಿದ್ದಿ ಮೂರನೆಯದು ಹಳತೇ ಉಳಿಯುತ್ತದೆ. ವೈದ್ಯಕೀಯ ಸಾಧನದ ಕೈಪಿಡಿಯಲ್ಲಿ ಇದು ಬರೀ ಅಚ್ಚಿನ ತಪ್ಪಲ್ಲ. ಪುಟ ವಿನ್ಯಾಸದ ತಂತ್ರಾಂಶಕ್ಕೂ ಇದೇ ಕಾರಣಕ್ಕೆ ಬೇಡ ಎಂದಾಯಿತು. ಮೇಲಾಗಿ ಡಿಟಿಪಿ ಅಂಗಡಿಗಳಿಂದ ಹಳೆಯ ಆಸ್ಕಿ ಫಾಂಟಿನ (ಯೂನಿಕೋಡ್‌ಗಿಂತ ಮುಂಚಿನ ಪದ್ಧತಿ) ಪಠ್ಯ ಬಂದರೆ ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರ ಕೆಡುತ್ತವೆ. ಪಠ್ಯದ ಮರುಬಳಕೆಗೆ ಡಿಟಾ (ಪಠ್ಯವನ್ನು ತುಣುಕುಗಳಾಗಿ ಬರೆದಿಡುವ ಎಕ್ಸ್ಎಂಎಲ್ ಪದ್ಧತಿ) ಎಲ್ಲಕ್ಕಿಂತ ಗಟ್ಟಿ. ಆದರೆ ಪರೀಕ್ಷಿಸಿದ ಉಚಿತ ಪಿಡಿಎಫ್ ಎಂಜಿನ್‌ನಲ್ಲಿ ‘ಮಾರ್ಗ’ ಒಡೆದು ರ್ ಬೇರೆ, ಗ ಬೇರೆ ನಿಂತಿತು. ಹಣ ಕೊಟ್ಟು ಕೊಳ್ಳುವ ಎಂಜಿನ್ ಇಷ್ಟು ಸಣ್ಣ ಪುಸ್ತಿಕೆಗೆ ದುಬಾರಿ.

ಉಳಿದದ್ದು ಸ್ಫಿಂಕ್ಸ್, ಸರಳ ಪಠ್ಯ ಕಡತಗಳಿಂದ ಕೈಪಿಡಿ ತಯಾರಿಸುವ ಉಚಿತ ತಂತ್ರಾಂಶ. ಕಡತಗಳ ಬದಲಾವಣೆ ದಾಖಲಿಸಲು ಗಿಟ್, ಅನುವಾದಕ್ಕೆ ಗೆಟ್‌ಟೆಕ್ಸ್ಟ್, ಪಿಡಿಎಫ್‌ಗೆ ಝೀಲೇಟೆಕ್, ಫಾಂಟ್ ನೋಟೋ ಸಾನ್ಸ್ ಕನ್ನಡ. ಪಿಡಿಎಫ್‌ನಿಂದ ಪಠ್ಯ ನಕಲಿಸಿದರೆ ಅಕ್ಷರ ಕಲಸಿಹೋಗುತ್ತಿದ್ದವು; ಝೀಟೆಕ್‌ನ ‘ಜನರೇಟ್ ಆಕ್ಚುಯಲ್ ಟೆಕ್ಸ್ಟ್’ ಆಯ್ಕೆಗೆ 1 ಕೊಟ್ಟ ಮೇಲೆ ನೆಟ್ಟಗಾಯಿತು.

ವಾರ 3. ಬಿಡಿಭಾಗದ ಹೆಸರನ್ನು ಒಂದು ಕಡೆ ಬರೆದಿಟ್ಟು ಎಲ್ಲ ಕಡೆ ತುಂಬಿಸುವ ಸೌಲಭ್ಯ ಇಂಗ್ಲಿಷ್‌ಗೆ ಚೆನ್ನಾಗಿಯೇ ಹೊಂದುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಅಡ್ಡ ಬರುತ್ತದೆ. ಕೊಳವೆಗೆ ‘ಕೊಳವೆಯನ್ನು’, ಕಪ್‌ಗೆ ‘ಕಪ್ಪನ್ನು’, ಮಾಸ್ಕ್‌ಗೆ ‘ಮಾಸ್ಕನ್ನು’. ಹೆಸರು ಬದಲಾದರೆ ಬಾಲವೂ ಬದಲಾಗಬೇಕು. ಸ್ಫಿಂಕ್ಸ್‌ನಲ್ಲಿ ಇನ್ನೊಂದು ತೊಡಕಿದೆ: ತುಂಬಿಸಬೇಕಾದ ಹೆಸರನ್ನು ಎರಡು ಉದ್ದಗೆರೆಗಳ ( | ) ನಡುವೆ ಬರೆಯಬೇಕು, ಕೊನೆಯ ಗೆರೆಗೆ ಪ್ರತ್ಯಯ ಅಂಟಿಸಿ ಬರೆದರೆ ಅದಕ್ಕೆ ಗುರುತೇ ಹತ್ತುವುದಿಲ್ಲ, ಗೆರೆಗಳೂ ಸೇರಿ ಅಚ್ಚಾಗುತ್ತವೆ. ನಡುವೆ ಬ್ಯಾಕ್‌ಸ್ಲ್ಯಾಶ್ ಮತ್ತು ಖಾಲಿ ಜಾಗ ಕೊಟ್ಟರೆ ಸರಿಹೋಗುತ್ತದೆ, ಆದರೆ ಅನುವಾದಕರು ಅದನ್ನು ಮರೆಯುತ್ತಾರೆ. ಹಾಗಾಗಿ ಪದದ ಮಟ್ಟದ ಮರುಬಳಕೆಯನ್ನು ಪೂರ್ತಿ ಕೈಬಿಟ್ಟು, ಇಡೀ ವಾಕ್ಯವನ್ನೇ ಮರುಬಳಸುವುದೆಂದು ತೀರ್ಮಾನವಾಯಿತು. ಕನ್ನಡದ ಕೈಪಿಡಿಗೆ ಇದೇ ಸರಿಯಾದ ದಾರಿ.

ವಾರ 4. ಮೂರು ಕಡೆ ಬರುವ ಒಣಗಿಸುವ ಸೂಚನೆ ಈಗ ಒಂದೇ ಕಡತದಲ್ಲಿದೆ, ಇನ್‌ಕ್ಲೂಡ್ (ಬೇರೆ ಕಡತವನ್ನು ಒಳಗೆ ಸೇರಿಸುವ ಆದೇಶ) ಮೂಲಕ ಸೇರುತ್ತದೆ. ‘ಗಾಳಿಗೆ ಒಣಗಿಸಿ’ ಎಂದಷ್ಟೇ ಬರೆದರೆ ಮಲೆನಾಡಿನ ಮಳೆಗಾಲಕ್ಕೆ ಸಾಲದು. ಆಗುಂಬೆ, ಹೊಸನಗರದ ಕಡೆ ಆಷಾಢದಲ್ಲಿ ಬಟ್ಟೆಯೇ ಒಣಗುವುದಿಲ್ಲ. ಹಸಿ ಕಪ್ ಡಬ್ಬಿಯೊಳಗೆ ಬೂಸ್ಟು ಹಿಡಿಯುತ್ತದೆ, ಒಲೆಯ ಮೇಲಿನ ಅಟ್ಟಕ್ಕಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಈಗಿನ ಪಠ್ಯ: “ನೀರು ಕೊಡವಿ, ಸ್ವಚ್ಛ ಬಟ್ಟೆಯ ಮೇಲೆ ಹರಡಿ. ಒಲೆಯ ಹತ್ತಿರ ಇಡಬೇಡಿ. ಕೊಳವೆಯಲ್ಲಿ ಹನಿ ಕಂಡರೆ ಕಪ್ ಕಳಚಿ, ಹನಿ ಹೋಗುವ ತನಕ ಮಷಿನ್ ಓಡಿಸಿ. ಪೂರ್ತಿ ಒಣಗಿದ ಮೇಲೆಯೇ ಡಬ್ಬಿಗೆ ಹಾಕಿ.” ‘ಆವಿ’, ‘ಹಬೆ’ ಪದಗಳನ್ನು ಪಠ್ಯದಿಂದ ತೆಗೆದಿದೆ. ಹಬೆ ಎಂದು ಓದಿದವರು ಕಪ್ಪಿಗೆ ಬಿಸಿನೀರು ಹಾಕುವ ಅಪಾಯವಿದೆ. ‘ಔಷಧದ ಮಂಜು’ ಎಂದೇ ಬರೆದಿದೆ.

ಸೇರಿಸುವ ಕಡತಕ್ಕೆ ಉಳಿದ ಅಧ್ಯಾಯಗಳ ವಿಸ್ತರಣೆಯನ್ನೇ (ಕಡತದ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಭಾಗ) ಕೊಡಬಾರದು. ಕೊಟ್ಟರೆ ಅದೂ ಪ್ರತ್ಯೇಕ ಅಧ್ಯಾಯವೆಂದು ಸ್ಫಿಂಕ್ಸ್ ಓದುತ್ತದೆ. ‘ಗೆಟ್‌ಟೆಕ್ಸ್ಟ್ ಕಾಂಪ್ಯಾಕ್ಟ್’ ಆಯ್ಕೆಗೆ ಒಂದು ಹೆಸರು ಕೊಟ್ಟರೆ ಎಲ್ಲ ಅಧ್ಯಾಯದ ಅನುವಾದವೂ ಒಂದೇ ಪಿಒ ಕಡತಕ್ಕೆ (ಮೂಲ ವಾಕ್ಯ ಮತ್ತು ಅನುವಾದ ಜೋಡಿಯಾಗಿರುವ ಕಡತ) ಬರುತ್ತದೆ. ಇಲ್ಲವಾದರೆ ಈ ಸೂಚನೆಯನ್ನು ಅಧ್ಯಾಯಕ್ಕೊಂದರಂತೆ ಮೂರು ಸಲ ಅನುವಾದಿಸಬೇಕು, ಮತ್ತೆ ವಾರ 2ರ ತೊಂದರೆಗೇ ಮರಳಿದಂತೆ.

ವಾರ 5. ಇಂಗ್ಲಿಷ್ ಮೂಲದಲ್ಲಿ ಒಂದು ಪದ ತಿದ್ದಿದರೂ ಅದರ ಕನ್ನಡ ವಾಕ್ಯಕ್ಕೆ ‘ಫಜ್ಜಿ’ (ಅನುವಾದ ಮತ್ತೆ ನೋಡಬೇಕು ಎಂಬ) ಗುರುತು ಬೀಳುತ್ತದೆ. ಸ್ಫಿಂಕ್ಸ್ ಫಜ್ಜಿ ಅನುವಾದವನ್ನು ಬಳಸದೆ ಆ ಜಾಗದಲ್ಲಿ ಇಂಗ್ಲಿಷನ್ನೇ ಅಚ್ಚು ಹಾಕುತ್ತದೆ, ಸದ್ದಿಲ್ಲದೆ. ಎಚ್ಚರಿಕೆಯ ಚೌಕದಲ್ಲಿ ಹೀಗಾದರೆ ಅನಾಹುತ. ಫಜ್ಜಿ ಅನುಮತಿಸುವ ಆಯ್ಕೆಯೂ ಇದೆ, ಅದನ್ನು ಹಚ್ಚಕೂಡದು: ಹಳೆಯ ಅರ್ಥದ ಕನ್ನಡ ಹಾಗೇ ಹೋಗಿಬಿಡುತ್ತದೆ. ಬದಲಿಗೆ ಫಜ್ಜಿ ಮತ್ತು ಅನುವಾದವಾಗದ ವಾಕ್ಯಗಳ ಎಣಿಕೆ ಎರಡೂ 0 ಆಗದೆ ಪಿಡಿಎಫ್ ಹೊರಡದಂತೆ ಸ್ಕ್ರಿಪ್ಟ್ ಬರೆದಿದೆ. ಅದೇ ಸ್ಕ್ರಿಪ್ಟ್ ‘ಮೌತ್ಪೀಸ್’ನಂಥ ಅಂಟಿದ ರೂಪಗಳನ್ನೂ ಹಿಡಿಯುತ್ತದೆ.

ವಾರ 6. ಇಂಗ್ಲಿಷ್ 12 ಪುಟ, ಕನ್ನಡ 13ನೆಯ ಪುಟಕ್ಕೆ ಉಕ್ಕಿತು. ಪಿನ್ ಪುಸ್ತಿಕೆಗೆ ನಾಲ್ಕರ ಗುಣಕವೇ ಬೇಕಾದ್ದರಿಂದ 16 ಪುಟ. ಸಾಲಿನ ಅಂತರ ಕುಗ್ಗಿಸಿ 12ಕ್ಕೆ ತುರುಕಲಿಲ್ಲ, ಒತ್ತಕ್ಷರ ಕೆಳಸಾಲಿಗೆ ತಾಗುತ್ತವೆ. ‘2.5’ ಒಂದು ಸಾಲಿನ ಕೊನೆಗೆ, ‘ಮಿ.ಲೀ.’ ಮುಂದಿನ ಸಾಲಿಗೆ ಹೋಗದಂತೆ ಅಂಕಿ ಮತ್ತು ಅಳತೆಯ ನಡುವೆ ಒಡೆಯದ ಖಾಲಿ ಜಾಗ (ಯು+00ಎ0) ಹಾಕಿದೆ.

ಬಾಕಿ: ಐಎಸ್‌ಒ 13485:2016ರ (ವೈದ್ಯಕೀಯ ಸಾಧನ ತಯಾರಕರ ಗುಣಮಟ್ಟ ನಿರ್ವಹಣೆಯ ಮಾನದಂಡ) ಕಲಂ 4.1.6ರಂತೆ ತಂತ್ರಾಂಶದ ಮೌಲ್ಯೀಕರಣ, ಅಂದರೆ ಅದು ಬೇಕಾದಂತೆ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ದಾಖಲಿಸುವುದು. ವಾರ 1ರ ಪುಟವೇ ಅದಕ್ಕೆ ಪರೀಕ್ಷೆ: ಬೇಕೆಂದೇ ಒಂದು ವಾಕ್ಯ ಫಜ್ಜಿ ಮಾಡಿ, ಒಂದು ‘ಮೌತ್‌ಪೀಸ್’ ಕೆಡಿಸಿ ಸ್ಕ್ರಿಪ್ಟ್ ತಡೆಯುತ್ತದೆಯೇ ಎಂದು ನೋಡಿ, ಆವೃತ್ತಿ ಸಂಖ್ಯೆಗಳ ಸಮೇತ ಸಹಿ ಹಾಕಿ ಫೈಲಿಗೆ ಸೇರಿಸಬೇಕು.