ಚಪ್ಪಟೆ ಪೆಟ್ಟಿಗೆಯೊಳಗೆ ಗ್ರಾಫಿಕ್ಸ್ ಕಾರ್ಡು

11 ಜನವರಿ 2026, ಭಾನುವಾರ
ರಾಜಾಜಿನಗರ, ಬೆಂಗಳೂರು

ಕಛೇರಿಯವರು ಹಳೆಯ ಕಂಪ್ಯೂಟರುಗಳನ್ನು ಹರಾಜಿಗೆ ಹಾಕಿದಾಗ 6,000 ರೂಪಾಯಿಗೆ ಕೂಗಿ ತಂದಿದ್ದ ಚಪ್ಪಟೆ ಪೆಟ್ಟಿಗೆಯೊಳಗೆ ಇಂದು ಅಂತೂ ಗ್ರಾಫಿಕ್ಸ್ ಕಾರ್ಡು ಕೂತಿತು. ಅದರೊಳಗಿರುವುದು ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಐ5-4590 ಪ್ರೊಸೆಸರು. ವಿಂಡೋಸ್ 11 ಇದನ್ನು ಒಪ್ಪುವುದಿಲ್ಲ. ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲವೂ ಕಳೆದ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇವೆ. ಲೆಕ್ಕಪತ್ರದ ಕೆಲಸಕ್ಕೆ ಏನೂ ತೊಂದರೆಯಿರಲಿಲ್ಲ. ಆದರೆ ಮಗಳು ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶ ಕಲಿಯತೊಡಗಿದ ಮೇಲೆ, ಒಂದು ಚಿತ್ರ ರೆಂಡರ್ ಆಗಿ ಪೂರ್ತಿ ರೂಪ ತಳೆಯುವಷ್ಟರಲ್ಲಿ ಅವಳ ಊಟವೇ ಮುಗಿದಿರುತ್ತಿತ್ತು.

ಆ ಕೆಲಸವನ್ನು ಬೇಗ ಮುಗಿಸಲು ಯಾವ ಗ್ರಾಫಿಕ್ಸ್ ಕಾರ್ಡು ಒಳ್ಳೆಯದು ಎಂದು ನಾನು ಒಂದು ವಾರ ಓದಿದ್ದು ಬಹುಮಟ್ಟಿಗೆ ವ್ಯರ್ಥ. ಮೊದಲು ಓದಬೇಕಿದ್ದುದು ಪವರ್ ಸಪ್ಲೈಯ ಮೇಲೆ ಅಂಟಿಸಿದ್ದ ಚೀಟಿಯನ್ನು. ಟಾರ್ಚು ಬಿಟ್ಟು ನೋಡಿದರೆ ಒಟ್ಟು 240 ವ್ಯಾಟ್, 12 ವೋಲ್ಟಿನ ಸಾಲಿನಲ್ಲಿ 18 ಆಂಪಿಯರ್, ಅಂದರೆ 216 ವ್ಯಾಟ್ ಎಂದಿತ್ತು. ಪ್ರೊಸೆಸರಿಗೆ 84, ಕಾರ್ಡಿಗೆ ಹೆಚ್ಚೆಂದರೆ 75 ಎಂದು ಹಿಡಿದರೂ ಡಿಸ್ಕು, ಫ್ಯಾನುಗಳಿಗೆ 57 ವ್ಯಾಟ್ ಉಳಿಯುತ್ತದೆ. ಆ 75ರ ಲೆಕ್ಕ ಎಲ್ಲಿಂದ ಬಂತೆಂದರೆ, ಪಿಸಿಐ ಎಕ್ಸ್‌ಪ್ರೆಸ್‌ನ ಉದ್ದನೆಯ ಎಕ್ಸ್16 ಸ್ಲಾಟು ಕಾರ್ಡಿಗೆ ತಾನಾಗಿ ಕೊಡಬಲ್ಲ ವಿದ್ಯುತ್ತಿನ ಮಿತಿ ಅಷ್ಟು. ಕೆಲವು ಚಿಕ್ಕ ಪೆಟ್ಟಿಗೆಗಳಲ್ಲಿ ತಯಾರಕರು ಇದನ್ನೂ ಕಡಿಮೆ ಮಾಡಿರುತ್ತಾರೆಂದು ತಿಳಿದಿದ್ದರಿಂದ, ಹೊರಡುವ ಮುನ್ನ ನಮ್ಮದರ ಕೈಪಿಡಿಯನ್ನೂ ನೋಡಿಕೊಂಡೆ. ಅದರಲ್ಲಿ 75 ಎಂದೇ ಇತ್ತು.

ಎಸ್.ಪಿ. ರಸ್ತೆಯ ಅಂಗಡಿಗಳು ಭಾನುವಾರ ಬಹುತೇಕ ಮುಚ್ಚಿರುವುದರಿಂದ ನಿನ್ನೆಯೇ ಮೆಟ್ರೋ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು ಹೋದೆ. ಮೊದಲ ಅಂಗಡಿಯಾತ ಇನ್ನೂ ದೊಡ್ಡ ಕಾರ್ಡೊಂದನ್ನು ಮುಂದಿಟ್ಟು, "ಸಿಕ್ಸ್ ಪಿನ್ ಇಲ್ವಾ? ಸಾಟಾದಿಂದ ಕನ್ವರ್ಟರ್ ಹಾಕ್ಕೊಳಿ ಸರ್, ಐವತ್ತು ರೂಪಾಯಿ ಅಷ್ಟೆ" ಎಂದ. ಸಿಕ್ಸ್ ಪಿನ್ ಎಂದರೆ ಸ್ಲಾಟಿನ ವಿದ್ಯುತ್ ಸಾಲದ ಕಾರ್ಡಿಗೆ ಪವರ್ ಸಪ್ಲೈಯಿಂದ ನೇರವಾಗಿ ಬರುವ ಪ್ಲಗ್ಗು; ಸಾಟಾ ಎಂದರೆ ಡಿಸ್ಕುಗಳಿಗೆ ಹೋಗುವ ಪ್ಲಗ್ಗು. ಈ ಐವತ್ತು ರೂಪಾಯಿಯ ತಂತಿಯ ಮೇಲೆ ನನಗೆ ಬಹಳ ಸಿಟ್ಟಿದೆ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿಗೆ ಮೂರು ಪಿನ್ನುಗಳು, ಒಂದೊಂದಕ್ಕೆ ಒಂದೂವರೆ ಆಂಪಿಯರಿನ ಮಿತಿ. ಒಟ್ಟು 54 ವ್ಯಾಟ್. ಸಿಕ್ಸ್ ಪಿನ್ನಿನ ಮೂಲಕ ಕಾರ್ಡು 75 ವ್ಯಾಟ್ ಎಳೆಯಬಹುದು. ಎಳೆದರೆ ಕರಗುವುದು ಆ ಪ್ಲಗ್ಗು. ಹಾಗಾದರೆ ಪವರ್ ಸಪ್ಲೈಯನ್ನೇ ಬದಲಿಸೋಣವೆಂದರೆ, ನಮ್ಮ ಮದರ್‌ಬೋರ್ಡಿಗೆ ಹೋಗುವುದು ಎಲ್ಲೆಡೆ ಸಿಗುವ 24 ಪಿನ್ನಿನ ಪ್ಲಗ್ಗಲ್ಲ, ಆ ಕಂಪನಿಯದೇ ಬೇರೆ ಆಕಾರದ್ದು.

ಎರಡನೆಯ ಅಂಗಡಿಯ ಹಿರಿಯರು ಒಂದೇ ಪ್ರಶ್ನೆ ಕೇಳಿದರು: "ಪೆಟ್ಟಿಗೆ ಎಷ್ಟು ದಪ್ಪ ಇದೆ?" ನಾನು ಬೆರಳಗಲಿಸಿ ತೋರಿಸಿದೆ. ಅವರ ಬಳಿ ಎಎಂಡಿಯ ಆರ್‌ಎಕ್ಸ್ 6400 ಇತ್ತು; 53 ವ್ಯಾಟ್ ಸಾಕು, ಆದರೆ ಅದು ಸ್ಲಾಟಿನ ನಾಲ್ಕೇ ಲೇನುಗಳನ್ನು, ಅಂದರೆ ದತ್ತಾಂಶ ಹರಿಯುವ ದಾರಿಗಳನ್ನು, ಬಳಸುವ ಕಾರ್ಡಾದ್ದರಿಂದ ನಮ್ಮಂಥ ಮೂರನೆಯ ಪೀಳಿಗೆಯ ಪಿಸಿಐ ಸ್ಲಾಟಿನಲ್ಲಿ ಸೊರಗುತ್ತದೆ. ಕೊನೆಗೆ 4 ಜಿಬಿಯ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐಯನ್ನು, ಚಪ್ಪಟೆ ಪೆಟ್ಟಿಗೆಗೆ ಹಿಡಿಸುವಂತೆ ಗಿಡ್ಡವಾಗಿ ಮಾಡಿದ ಲೋ ಪ್ರೊಫೈಲಿನದನ್ನು, ಅವರ ಬೋರ್ಡಿನಲ್ಲಿ ಹಾಕಿ ತೋರಿಸಿದ ಮೇಲೆ 5,200 ರೂಪಾಯಿಗೆ ಕೊಂಡೆ. 2016ರ ಕಾರ್ಡು, ಹೊರಗಿನಿಂದ ವಿದ್ಯುತ್ ಬೇಡ. ಇದರ ಪೀಳಿಗೆಗೆ ಎನ್ವಿಡಿಯಾದ 580ರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಸರಣಿಯೇ ಕೊನೆಯದೆಂದು ಗೊತ್ತಿದ್ದೇ ಕೊಂಡೆ. ಏಳುವಷ್ಟರಲ್ಲಿ ಅವರು ಡ್ರಾಯರಿನಲ್ಲಿ ತಡಕಾಡಿ ಕಾರ್ಡನ್ನು ಪೆಟ್ಟಿಗೆಯ ಹಿಂಬದಿಗೆ ಸ್ಕ್ರೂ ಹಾಕಿ ಹಿಡಿಸುವ, ಎಂಟು ಸೆಂಟಿಮೀಟರಿನ ಗಿಡ್ಡ ಲೋಹದ ಪಟ್ಟಿಯನ್ನು ತೆಗೆದು, "ಇದನ್ನ ಬಿಟ್ಟೋದ್ರೆ ಸೋಮವಾರ ಮತ್ತೆ ಬರ್ತೀರಿ" ಎಂದು ಕೈಗಿತ್ತರು. ಕಾರ್ಡಿಗೆ ಹಾಕಿದ್ದ ಪಟ್ಟಿ ಹನ್ನೆರಡು ಸೆಂಟಿಮೀಟರಿನದು; ನಮ್ಮ ಪೆಟ್ಟಿಗೆಯ ಮುಚ್ಚಳ ಮುಚ್ಚುತ್ತಲೇ ಇರಲಿಲ್ಲ.

ಬೆಳಿಗ್ಗೆ ತಿಂಡಿಯಾದ ಮೇಲೆ ಪ್ಲಗ್ಗು ಕಿತ್ತು, ಬಾಲ್ಕನಿಯಲ್ಲಿ ಧೂಳು ಕೊಡವಿ, ಪಟ್ಟಿ ಬದಲಿಸಿದೆ. ಕಾರ್ಡಿನ ಫ್ಯಾನು ಪಕ್ಕದ ಸ್ಲಾಟಿನ ಜಾಗವನ್ನೂ ನುಂಗುತ್ತದೆ. ಅಲ್ಲಿ ಕಛೇರಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗಾಗಿ ಕೂರಿಸಿದ್ದ ಪ್ಯಾರಲಲ್ ಪೋರ್ಟನ್ನು ತೆಗೆಯಬೇಕಾಯಿತು. ಮುಚ್ಚಳ ಹಾಕಿ ಬಟನ್ ಒತ್ತಿದರೆ ಕಾರ್ಡಿನ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. "ಅಪ್ಪಾ, ಕೇಬಲ್ ಹಳೇ ಜಾಗದಲ್ಲೇ ಇದೆ" ಎಂದಳು ಮಗಳು. ನಿಜ, ಮಾನಿಟರಿನ ವಿಜಿಎ ಕೇಬಲ್ಲು ಇನ್ನೂ ಮದರ್‌ಬೋರ್ಡಿನಲ್ಲೇ ಇತ್ತು. ಹೊಸ ಕಾರ್ಡಿನಲ್ಲಿ ವಿಜಿಎ ಇಲ್ಲ. ಪುಣ್ಯಕ್ಕೆ ನಮ್ಮ ಮಾನಿಟರಿಗೆ ಡಿವಿಐ ಇದೆ, ಅಟ್ಟದ ಮೇಲಿನ ಡಬ್ಬದಲ್ಲಿ ಕೇಬಲ್ಲೂ ಸಿಕ್ಕಿತು. ಆದರೂ ಕಪ್ಪೇ. ಮತ್ತೆ ಬಿಚ್ಚಿ, ಕಣ್ಣನ್ನು ಸ್ಲಾಟಿನ ಮಟ್ಟಕ್ಕೆ ತಂದು ನೋಡಿದಾಗ ತಿಳಿಯಿತು: ಪಟ್ಟಿಯ ಸ್ಕ್ರೂ ಬಿಗಿ ಮಾಡುವಾಗ ಕಾರ್ಡಿನ ಒಳತುದಿ ಕೂದಲೆಳೆಯಷ್ಟು ಮೇಲೆದ್ದು, ಚಿನ್ನದ ಬಣ್ಣದ ಹಲ್ಲುಗಳು ಆ ಕಡೆ ಓರೆಯಾಗಿ ಇಣುಕುತ್ತಿದ್ದವು. ಸ್ಕ್ರೂ ಸಡಿಲಿಸಿ, ತುದಿಯ ಕೊಕ್ಕೆ ಟಕ್ಕೆನ್ನುವವರೆಗೆ ಒತ್ತಿ, ಆಮೇಲೆ ಬಿಗಿ ಮಾಡಿದೆ. ಈ ಸಲ ಪರದೆ ಬೆಳಗಿತು.

ಡ್ರೈವರ್ ಮ್ಯಾನೇಜರಿನಲ್ಲಿ 580 ಆರಿಸಿ, ಬ್ಲೆಂಡರಿನ ಸೆಟ್ಟಿಂಗಿನಲ್ಲಿ ರೆಂಡರ್ ಕೆಲಸವನ್ನು ಕಾರ್ಡಿಗೆ ವಹಿಸುವ ಕುಡಾಗೆ ಗುರುತು ಹಾಕಿದ ಮೇಲೆ, ಮೊದಲು 22 ನಿಮಿಷ ಹಿಡಿಯುತ್ತಿದ್ದ ಅದೇ ಚಿತ್ರ ಆರು ನಿಮಿಷದಲ್ಲಿ ಮುಗಿಯಿತು. ಮಗಳು ಕೂಡಲೇ ಅದರ ಎರಡರಷ್ಟು ಭಾರದ ಇನ್ನೊಂದು ಚಿತ್ರ ಹಾಕಿದಳು. 4 ಜಿಬಿ ಸಾಲದೆ ಅದು ಅರ್ಧಕ್ಕೆ ನಿಂತಿತು. ಕಾರ್ಡಿನ ಬಿಸಿ 78 ಡಿಗ್ರಿ ತೋರಿಸುತ್ತಿದ್ದುದರಿಂದ, ಗೋಡೆಗೊರಗಿಸಿಟ್ಟಿದ್ದ ಪೆಟ್ಟಿಗೆಯನ್ನು ಒಂದು ಗೇಣು ಮುಂದಕ್ಕೆ ಎಳೆದಿಟ್ಟಿದ್ದೇನೆ. ಮುಂದಿನ ಶನಿವಾರ, ಚಿಪ್ಪಿನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ತರಬೇಕು.